ಹಳೆಯ ಇಂಗ್ಲಿಷ್ ಫುಟ್ಬಾಲ್ ಆಟಗಾರನ ಪಂದ್ಯ, ಗೋಲುಗಳ ಲೆಕ್ಕ ಬರೆಯುವುದು ಹೇಗೆ?

ಉಪ್ಪಳ, ಕುಂಬಳೆ ಕಡೆ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್ಬಾಲ್) ನೋಡಿ ಬೆಳೆದವರು ಮೊದಲು ಒಂದು ಮಾತು ನೆನಪಿಡಬೇಕು: ಆಗಿನ ಇಂಗ್ಲೆಂಡಿನ ಆಟ 2-3-5ರ ಸಾಲಿನದು, ಅಂದರೆ ಗೋಲಿಯ ಮುಂದೆ ಹಿಂದಿನ ಸಾಲಿನಲ್ಲಿ ಇಬ್ಬರು, ಮಧ್ಯದಲ್ಲಿ ಮೂವರು, ಮುಂದೆ ಐವರು. ‘ಹಾಫ್ ಬ್ಯಾಕ್’ ಅಂದರೆ ಮಧ್ಯದ ಮೂವರಲ್ಲೊಬ್ಬ. ಅವನನ್ನು ಡಿಫೆಂಡರ್ ಎಂದು ಬರೆದುಬಿಡಬೇಡಿ.

ಸೀಸನಿಗೊಂದು ಸಾಲು ಹಾಕಿ. ವರ್ಷ 1912–13 ಎಂದೇ ಇರಲಿ, ಏಕೆಂದರೆ ಆಟ ಸೆಪ್ಟೆಂಬರಿನಿಂದ ಏಪ್ರಿಲ್ ತನಕ. ಲೀಗ್ (ಅಂದರೆ ಫುಟ್ಬಾಲ್ ಲೀಗ್) ಪಂದ್ಯ, ಸೋತವರು ಹೊರಬೀಳುವ ಎಫ್ಎ ಕಪ್, ದಕ್ಷಿಣದ ಕ್ಲಬ್‌ಗಳ ಬೇರೆಯೇ ಲೀಗಾದ ಸದರ್ನ್ ಲೀಗ್ ಮೂರಕ್ಕೂ ಬೇರೆ ಬೇರೆ ಕಾಲಂ ಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ಫುಟ್ಬಾಲ್ ಲೀಗಿನ ಮೂರನೇ ಡಿವಿಷನ್ ಹುಟ್ಟಿದ್ದು 1920ರಲ್ಲಿ, ಬಹುಪಾಲು ಸದರ್ನ್ ಲೀಗಿನ ಕ್ಲಬ್‌ಗಳಿಂದ. ಹಾಗಾಗಿ ಅಂಥ ಒಂದೇ ಕ್ಲಬ್ಬಿನಲ್ಲಿ ಆಡಿದರೂ 1914ರ ಪಂದ್ಯ ಲೀಗ್ ಲೆಕ್ಕಕ್ಕೆ ಬಾರದು, 1920–21ರದ್ದು ಬರುತ್ತದೆ. 1915ರಿಂದ 1919ರವರೆಗೆ ಯುದ್ಧದಿಂದ ಲೀಗ್ ನಿಂತಿತ್ತು. ಆಗಿನ ಪ್ರಾದೇಶಿಕ ಪಂದ್ಯಗಳನ್ನು ಒಟ್ಟು ಮೊತ್ತಕ್ಕೆ ಸೇರಿಸದೆ ಕೆಳಗೆ ಪ್ರತ್ಯೇಕ ಬರೆಯಿರಿ.

ಪತ್ರಿಕೆಯ ತಂಡದ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರೀ ‘ಸ್ಮಿತ್’ ಎಂದಿರುತ್ತದೆ, ಇನಿಶಿಯಲ್ಲೂ ಇಲ್ಲ. ನಮ್ಮೂರಲ್ಲಿ ‘ಶೆಟ್ರು’ ಎಂದು ಕರೆದರೆ ಹತ್ತು ಜನ ತಿರುಗಿ ನೋಡಿದ ಹಾಗೆ! ಅಂಗಿಯ ನಂಬರ್ ಲೀಗಿನಲ್ಲಿ ಕಡ್ಡಾಯವಾದದ್ದು 1939ರಲ್ಲಿ, ಆದ್ದರಿಂದ ಅದರ ಆಸರೆಯೂ ಸಿಗದು. ಹುಟ್ಟಿದ ಊರು, ಹಿಂದಿನ ಕ್ಲಬ್, ಮೈದಾನದಲ್ಲಿ ಆಡುವ ಸ್ಥಾನ ಮೂರೂ ಹೊಂದಿದರೆ ಮಾತ್ರ ಒಬ್ಬನೇ ಎಂದು ತಿಳಿಯಿರಿ.

ಗೋಲು ಹೋಲಿಸುವಾಗ 1925ನ್ನು ಗಡಿ ಮಾಡಿ. ಆ ವರ್ಷ, ಆಫ್‌ಸೈಡ್ ಆಗದಿರಲು ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಇರಬೇಕಾದ ಎದುರಾಳಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿದು, ಗೋಲುಗಳ ಸುರಿಮಳೆಯಾಯಿತು.