ಡ್ರೋನ್ ಎಲ್ಲಿ ಹಾರಿಸಬಹುದು? ಹಿಂದಿನ ರಾತ್ರಿಯೇ ನೋಡಿಕೊಳ್ಳಿ

ಭಾನುವಾರ ಬೆಳಗಿನ ಜಾವ ಚಿಕ್ಕಬಳ್ಳಾಪುರದ ಯಾವ ಬೆಟ್ಟದ ಬುಡಕ್ಕೆ ಹೋದರೂ ಇದನ್ನು ನೋಡಬಹುದು: ಬೈಕ್ ನಿಲ್ಲಿಸಿ, ಡ್ರೋನ್ ಹೊರತೆಗೆದು, ರೆಕ್ಕೆ ಬಿಡಿಸಿದ ಮೇಲೆ ‘ಇಲ್ಲಿ ಹಾರಿಸ್ಬಹುದಾ ಗುರು?’ ಎಂದು ಪಕ್ಕದವನನ್ನು ಕೇಳುವುದು. ಪಕ್ಕದವನೂ ಬೆಂಗಳೂರಿನಿಂದ ಬಂದವನೇ.

ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ಡ್ರೋನ್ ತೂಗಿ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನ್ಯಾನೊಗೂ, ಹವ್ಯಾಸಕ್ಕೆ ಹಾರಿಸುವ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಮೈಕ್ರೊಗೆ ನೋಂದಣಿ ಸಂಖ್ಯೆ, ಥರ್ಡ್ ಪಾರ್ಟಿ ವಿಮೆ ಬೇಕು. ಡಬ್ಬದ ಮೇಲೆ 249 ಗ್ರಾಂ ಎಂದಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ದೊಡ್ಡ ಬ್ಯಾಟರಿಯನ್ನೋ ರೆಕ್ಕೆಗೆ ಗಾರ್ಡನ್ನೋ ಹಾಕಿದರೆ ಗೆರೆ ದಾಟುತ್ತದೆ. ‘ನ್ಯಾನೊ ಸಾರ್, ಎಲ್ಲಿ ಬೇಕಾದ್ರೂ ಹಾರಿಸಿ’ ಎನ್ನುವುದು ಅಂಗಡಿಯವರ ಮಾತು. ರಿಯಾಯಿತಿ ಇರುವುದು ಕಾಗದಪತ್ರದಲ್ಲಿ, ಜಾಗದಲ್ಲಲ್ಲ.

(ಎರಡು–ಮೂರು ಸಾವಿರಕ್ಕೆ ಸಿಗುವ ‘ಫೋರ್ ಕೆ’ ಆಟಿಕೆ ಡ್ರೋನ್ ತಂದಿದ್ದರೆ ಬೆಟ್ಟಕ್ಕೆ ಒಯ್ಯಲೇಬೇಡಿ. ಮೊದಲ ಗಾಳಿಗೇ ಕೈತಪ್ಪುತ್ತದೆ. ಬಿಲ್ ಕೊಡದವರ ಹತ್ತಿರ ವಿದೇಶಿ ಡ್ರೋನೂ ಕೊಳ್ಳಬೇಡಿ. 2022ರ ಫೆಬ್ರವರಿಯಿಂದ ಅದರ ಆಮದಿಗೇ ನಿಷೇಧವಿದೆ.)

ಇನ್ನು ನಕ್ಷೆ. ಡ್ರೋನ್ ಕಂಪನಿಯ ಆ್ಯಪ್ ತೋರಿಸುವ ನಕ್ಷೆ ಬೇರೆ, ಸರ್ಕಾರದ್ದು ಬೇರೆ. ನೋಡಬೇಕಾದದ್ದು ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆ. ಹಸಿರು ವಲಯದಲ್ಲಿ 400 ಅಡಿವರೆಗೆ, ಅಂದರೆ ಸುಮಾರು 120 ಮೀಟರ್‌ವರೆಗೆ, ಅನುಮತಿ ಬೇಡ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ್ದು. ವಿಮಾನ ನಿಲ್ದಾಣದ ಆವರಣದಿಂದ 5–8 ಕಿ.ಮೀ. ದೂರದಲ್ಲಿ ನೆಲದಿಂದಲೇ ಹಳದಿ. 8–12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ ಹಸಿರು. ಹಾಗಾಗಿ ದೇವನಹಳ್ಳಿ ಆಸುಪಾಸಿನಲ್ಲಿ ಬ್ಯಾಗಿನ ಜಿಪ್ ಎಳೆಯಬೇಡಿ. ತುಮಕೂರಿನ ಕಡೆ ಹೋಗುವವರು ಗುಬ್ಬಿ ತಾಲ್ಲೂಕಿನಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ ಎಂಬುದನ್ನು ನೆನಪಿಟ್ಟು ನಕ್ಷೆಯ ಬಣ್ಣ ನೋಡಿಕೊಳ್ಳಿ.

ಎಲ್ಲರೂ ಎಡವುವುದು ಆ 400 ಅಡಿಯಲ್ಲಿ. ಎಲ್ಲಿಂದ 400? ಪರದೆಯಲ್ಲಿ ಕಾಣುವ ಎತ್ತರ ನೀವು ಹಾರಿಸಿದ ಜಾಗದಿಂದ ಲೆಕ್ಕ. ನಿಯಮ ಕೇಳುವುದು ಡ್ರೋನಿನ ಕೆಳಗಿರುವ ನೆಲದಿಂದ. ನಂದಿ ಬೆಟ್ಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ (ಲೆಕ್ಕಕ್ಕೆ ಮಾತ್ರ!). ತುದಿ 1,478 ಮೀಟರ್, ಕೆಳಗಿನ ಬಯಲು ಸುಮಾರು 900. ತುದಿಯಿಂದ 50 ಮೀಟರ್ ಏರಿಸಿ ಬಂಡೆಯಂಚು ದಾಟಿಸಿದರೆ ಪರದೆಯಲ್ಲಿ 50 ಎಂದೇ ಇರುತ್ತದೆ. ಬಯಲಿನ ಮೇಲೆ ಬರುವ ಹೊತ್ತಿಗೆ ಡ್ರೋನ್ ನಿಜವಾಗಿ ಇರುವುದು 600 ಮೀಟರ್ ಮೇಲೆ. ನೀವೇನೋ ಹಸಿರಿನಲ್ಲೇ ನಿಂತಿದ್ದೀರಿ, ಡ್ರೋನ್ 400 ಅಡಿ ದಾಟಿ ಯಾವತ್ತೋ ಹಳದಿಗೆ ಹೋಗಿದೆ. ಬುಡದಿಂದ ಹಾರಿಸಿದರೆ ಇದರ ತಿರುವುಮುರುವು: ಪರದೆ 110 ಎನ್ನುತ್ತಿರುವಾಗಲೇ ಎದುರಿಗೆ ಬಂಡೆ. ನನ್ನ ಕಟ್ಟುನಿಟ್ಟು ಇಷ್ಟೇ: ತುದಿಯಿಂದ ಕಣಿವೆ ಕಡೆಗೆ ಹಾರಿಸಬಾರದು. ಬುಡದಲ್ಲಿ ದೂರ ನಿಂತು ಬೆಟ್ಟವನ್ನು ಓರೆಯಾಗಿ ಹಿಡಿಯಿರಿ, ಚಿತ್ರವೂ ಚೆನ್ನಾಗಿ ಬರುತ್ತದೆ.

ಹಸಿರು ಬಣ್ಣ ಆಕಾಶದ ಅನುಮತಿ, ನೆಲದ್ದಲ್ಲ. ಭೋಗನಂದೀಶ್ವರ ದೇವಾಲಯ, ಮಧುಗಿರಿ ಕೋಟೆ ಎರಡೂ ಪುರಾತತ್ವ ಇಲಾಖೆಯವು. ಸ್ಕಂದಗಿರಿ, ದೇವರಾಯನದುರ್ಗದಲ್ಲಿ ಅರಣ್ಯ ಇಲಾಖೆಯವರನ್ನು ಕೇಳಬೇಕು. ಮೈದನಹಳ್ಳಿಯ ಕೃಷ್ಣಮೃಗಗಳ ತಂಟೆಗಂತೂ ಹೋಗಬೇಡಿ.

ಹೊರಡುವ ದಿನ ಬೆಳಿಗ್ಗೆ ನಕ್ಷೆಯನ್ನು ಇನ್ನೊಮ್ಮೆ ತೆರೆಯಿರಿ. ಗಣ್ಯರು ಬಂದಾಗ, ಬಂದೋಬಸ್ತ್ ಇದ್ದಾಗ ಒಂದು ಜಾಗವನ್ನು 96 ಗಂಟೆವರೆಗೆ ಕೆಂಪು ಮಾಡುವ ಅಧಿಕಾರ ರಾಜ್ಯದವರಿಗಿದೆ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬೆಟ್ಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ನಿಯಮ ಮೀರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೂ ಹೋಗಬಹುದು.

ಹಾಗಾದರೆ ಎಲ್ಲಿ ಹಾರಿಸುವುದು? ನಾನು ಬೆಟ್ಟ ಬಿಟ್ಟು ಕೆರೆ ಏರಿ ಹಿಡಿದಿದ್ದೇನೆ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಮೇಲೆ ಕೋಲಾರದ ಕೆರೆಗಳು ಮೇಲಿನಿಂದ ನೋಡಲು ಸೊಗಸು. ಇಲ್ಲವಾದರೆ ಕೊಯ್ಲಾದ ರಾಗಿ ಹೊಲ. ಕರೆಂಟ್ ತಂತಿ ನೋಡಿಕೊಂಡು, ‘ಅಣ್ಣಾ, ಒಂದೈದು ನಿಮಿಷ ಹಾರಿಸ್ಲಾ?’ ಎಂದು ಹೊಲದವರನ್ನು ಕೇಳಿ. ಇಳಿಸಿದ ಮೇಲೆ ಅವರ ಹೊಲ ಮೇಲಿನಿಂದ ಹೇಗೆ ಕಾಣುತ್ತದೆಂದು ತೋರಿಸಿ. ಮುಂದಿನ ಸಲ ಅವರೇ ಕರೆಯುತ್ತಾರೆ, ಪಕ್ಕದ ಹೊಲದವರು ಬದು ಒತ್ತಿದ್ದಾರೋ ಇಲ್ಲವೋ ನೋಡಿಕೊಡಿ ಅಂತ.