ಪಂಪ್‌ಸೆಟ್ಟಿನ ಅರ್ತಿಂಗ್: ತಂತಿಯ ಕೊನೆ ಬಿಗಿಯಾಗಿದೆಯೇ?

ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಂತಾಗ ಮಂಡ್ಯ ಸೀಮೆಯ ಕಬ್ಬು, ತೆಂಗನ್ನು ಕಾಯುವುದು ಪಂಪ್‌ಸೆಟ್. ಬಹುತೇಕ ಪಂಪ್‌ಮನೆಗಳಲ್ಲಿ ಗುಂಡಿ ತೆಗೆದು, ಪೈಪು ಹೂತು, ಇದ್ದಿಲು ಉಪ್ಪು ತುಂಬಿ, ಸೋರಿದ ಕರೆಂಟು ತಂತಿಯ ಮೂಲಕ ನೆಲಕ್ಕೆ ಇಳಿಯುವಂತೆ ಅರ್ತಿಂಗ್ ಮಾಡಿಯೇ ಇರುತ್ತಾರೆ. ಆದರೆ ಗುಂಡಿ ಕೆಡುವುದಕ್ಕಿಂತ ಎಷ್ಟೋ ಮೊದಲೇ ಆ ಅರ್ತ್ ತಂತಿ ಸೇರುವ ಬೋಲ್ಟು ಸಡಿಲವಾಗುತ್ತದೆ. ಆಗಲೂ ಮೋಟಾರು ಎಂದಿನಂತೆ ಓಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಬಾವಿಯ ಸ್ಟಾರ್ಟರ್ ಪೆಟ್ಟಿಗೆಯನ್ನು ಪರೀಕ್ಷಿಸಿದಾಗ, ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಬೋಲ್ಟಿಗೆ ಎರಡು ಸುತ್ತು ಸುತ್ತಿ, ಬಣ್ಣದ ಮೇಲೆಯೇ ನಟ್ಟು ಕೂರಿಸಿದ್ದದ್ದು ಕಂಡಿತು. ಬೆರಳಿನಿಂದ ಅಲುಗಿಸಿದರೆ ತಂತಿ ತಿರುಗುತ್ತಿತ್ತು. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಕರೆಂಟಿನ ಹರಿವಿಗೆ ಗುಂಡಿ ಒಡ್ಡುವ ತಡೆ 5 ಓಂ ಇದ್ದರೆ, 230 ವೋಲ್ಟಿನ ಫೇಸ್ ತಂತಿ ಪೆಟ್ಟಿಗೆಗೆ ತಗುಲಿದಾಗ ಸುಮಾರು 46 ಆಂಪಿಯರ್ ಹರಿದು ಫ್ಯೂಸ್ ಹೋಗುವ ಸಾಧ್ಯತೆ ಇರುತ್ತದೆ. ತುಕ್ಕು ಹಿಡಿದ ಆ ಜೋಡಣೆಯೊಂದೇ ಇನ್ನೂ 100 ಓಂ ಸೇರಿಸಿದರೆ ಹರಿಯುವುದು ಬರೀ 2 ಆಂಪಿಯರ್ ಚಿಲ್ಲರೆ. ಫ್ಯೂಸ್ ಹಾಗೆಯೇ ಉಳಿದು, ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಜೋಡಣೆಗೆ ಕೈ ಹಾಕುವ ಮುನ್ನ ಮೇನ್ ಸ್ವಿಚ್ ಆರಿಸಿ, ಫ್ಯೂಸ್‌ಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ತಾನಾಗಿಯೇ ಮೋಟಾರನ್ನು ಎಬ್ಬಿಸುವುದರಿಂದ, ಈಗ ಕರೆಂಟು ಇಲ್ಲವೆಂಬ ಧೈರ್ಯದಲ್ಲಿ ಯಾರೂ ಕೆಲಸಕ್ಕೆ ಇಳಿಯಬಾರದು. ಕರೆಂಟು ಸೋರುತ್ತಿರುವಾಗ ಅರ್ತ್ ತಂತಿಯನ್ನು ಬಿಚ್ಚುವುದು ಎಲ್ಲಕ್ಕಿಂತ ಅಪಾಯ. ಬಿಚ್ಚಿದ ಕೈಯೇ ಆ ತಂತಿಯ ಜಾಗಕ್ಕೆ ಬಂದುಬಿಡುತ್ತದೆ.

ಅನಂತರ ನಟ್ಟು ಬಿಚ್ಚಿ, ಬೋಲ್ಟಿನ ಸುತ್ತ ಪೆಟ್ಟಿಗೆಯ ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ಉಜ್ಜಿ, ಲೋಹ ಹೊಳೆಯುವವರೆಗೆ ತೆಗೆಯಬೇಕು. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಈ ಹಂತವನ್ನು ಬಿಟ್ಟರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ತಂತಿಯನ್ನು ಬರಿದಾಗಿ ಸುತ್ತುವ ಬದಲು ಅದರ ತುದಿಗೆ ಅಳತೆಗೆ ಸರಿಯಾದ ಲಗ್ (ಬೋಲ್ಟಿಗೆ ಕೂರುವ ತೂತಿರುವ ಲೋಹದ ತುಂಡು) ಒತ್ತಿಸಿ, ಲಗ್ಗಿನ ಮೇಲೆ ಚಪ್ಪಟೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಆಮೇಲೆ ನಟ್ಟು ಎಂಬ ಕ್ರಮದಲ್ಲಿ ಕೂರಿಸಿ ಸ್ಪ್ಯಾನರ್‌ನಿಂದ ಬಿಗಿಯಬೇಕು. ಮೋಟಾರಿನ ನಡುಕ ದಿನವಿಡೀ ನಟ್ಟನ್ನು ಸಡಿಲಿಸಲು ನೋಡುತ್ತದೆ. ಸ್ಪ್ರಿಂಗ್ ವಾಷರ್ ಅದನ್ನು ಹಿಡಿದಿಡುತ್ತದೆ, ಮೇಲೊಂದು ಚೆಕ್‌ನಟ್ (ಎರಡನೆಯ ನಟ್ಟು) ಹಾಕಿದರೆ ಇನ್ನೂ ಭದ್ರ. ತಾಮ್ರದ ತಂತಿಯನ್ನು ಜಿಐ ಪೈಪಿಗೆ ನೇರವಾಗಿ ಸೇರಿಸಿದರೆ ತೇವದಲ್ಲಿ ಸತುವಿನ ಲೇಪ ಬೇಗ ಸವೆಯುವುದರಿಂದ ತವರ ಲೇಪಿಸಿದ ಲಗ್ ಬಳಸಿ. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದರೆ ನೀರು ಒಳಗಿಳಿಯದು.

ಗುಂಡಿಯ ಪೈಪಿಗೆ ಹಾಕಿದ ಕ್ಲ್ಯಾಂಪಿಗೂ ಇದೇ ಕ್ರಮ. ಅದು ಮಣ್ಣಿನಲ್ಲಿ ಹೂತುಹೋಗದೆ, ತೆಗೆದು ನೋಡಲು ಬರುವಂತೆ ಮುಚ್ಚಳವಿರುವ ತೊಟ್ಟಿಯೊಳಗೆ ಇರಲಿ. ಮೂರು ಫೇಸ್ ಮೋಟಾರಿನ ಒಡಲಿಗೆ ಪ್ರತ್ಯೇಕವಾದ ಎರಡು ಅರ್ತ್ ಸಂಪರ್ಕಗಳಿರಬೇಕೆಂಬ ನಿಯಮವಿದೆ. ಒಂದು ತುಂಡಾದರೆ ಇನ್ನೊಂದು ಕಾಯುತ್ತದೆಂಬುದೇ ಅದರ ಉದ್ದೇಶ.

ಕೆಲಸ ಮುಗಿದ ಮೇಲೆ, ಫ್ಯೂಸ್ ಹಾಕುವ ಮೊದಲು, ಮಲ್ಟಿಮೀಟರಿನ ಒಂದು ಮೊನೆಯನ್ನು ಪೆಟ್ಟಿಗೆಯ ಬಣ್ಣವಿಲ್ಲದ ಜಾಗಕ್ಕೂ ಇನ್ನೊಂದನ್ನು ಗುಂಡಿಯ ಪೈಪಿಗೂ ಇಟ್ಟು ನೋಡಿ. ಒಂದು ಓಂಗಿಂತ ಹೆಚ್ಚು ತೋರಿಸಿದರೆ ಎಲ್ಲೋ ಒಂದು ಜೋಡಣೆ ಇನ್ನೂ ಸರಿಯಾಗಿಲ್ಲ. ಗುಂಡಿಯ ತಡೆಯನ್ನು ಮಾತ್ರ ಮಲ್ಟಿಮೀಟರಿನಿಂದ ಅಳೆಯಲಾಗದು. ಅದಕ್ಕೆ ಅರ್ತ್ ಟೆಸ್ಟರ್ ಇರುವ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬೇಕು. ಮಣ್ಣು ಒಣಗಿದಾಗಲೇ ತಡೆ ಹೆಚ್ಚುವುದರಿಂದ ನಾಲೆ ನಿಂತ ಬೇಸಿಗೆಯಲ್ಲೇ ಅಳತೆ ಮಾಡಿಸಿ, ಗುಂಡಿಗೆ ಆಗಾಗ ನೀರು ಹಾಕುತ್ತಿರಿ.

ಅರ್ತಿಂಗ್ ಸರಿಯಿದ್ದರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಅದೇ ದಿನ, ಮೇನ್ ಆರಿಸಿದ ಮೇಲೆ, ಅರ್ತ್ ತಂತಿಯನ್ನೂ ಹಿಡಿದು ಎಳೆದು ನೋಡಿ.