ಚಪಾತಿ ಇಳಿಯದ ಗಂಟಲು, ಸ್ಕ್ರೀನ್ ಮೇಲಿನ ಕಪ್ಪು ಚುಕ್ಕೆ

"ಮುದ್ದೆ ಹೇಗೋ ಸಾರಲ್ಲಿ ಅದ್ದಿ ನುಂಗ್ತೀನಿ ಮೇಡಂ. ಚಪಾತಿ ಮಾತ್ರ ಇಳಿಯಲ್ಲ. ತುತ್ತಿಗೊಂದು ಗುಟುಕು ನೀರು ಬೇಕು."

ರಾಜಾಜಿನಗರದಿಂದ ಬಂದಿದ್ದ ಅವರಿಗೆ ಐವತ್ತರ ಆಸುಪಾಸು. ಕಣ್ಣಲ್ಲಿ ಮರಳು ಬಿದ್ದಂಥ ಉರಿ, ಒಂದರ ಹಿಂದೊಂದು ಹುಳುಕಾದ ಹಲ್ಲು. ಶೋಗ್ರೆನ್ ಕಾಯಿಲೆ ಇರಬಹುದು ಅನ್ನಿಸಿತು. ನಮ್ಮದೇ ರೋಗನಿರೋಧಕ ಶಕ್ತಿ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು.

ನಾನು ರುಮಟಾಲಜಿಸ್ಟ್, ಅಂದರೆ ಕೀಲಿನ ಮತ್ತು ಇಂಥ ರೋಗನಿರೋಧಕ ಶಕ್ತಿಯ ಕಾಯಿಲೆಗಳನ್ನು ನೋಡುವ ವೈದ್ಯೆ. ಕೀಲು ನೋಡಲು ಚರ್ಮದ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಪ್ರೋಬ್‌ನಲ್ಲೇ ಜೊಲ್ಲು ಗ್ರಂಥಿಯನ್ನೂ ನೋಡುತ್ತೇನೆ. ಮಲಗಿಸಿ, ಕತ್ತು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮುಖ ಆಚೆ ತಿರುಗಿಸಲು ಹೇಳುತ್ತೇನೆ. ಜೆಲ್ ಧಾರಾಳವಾಗಿ ಹಾಕಬೇಕು, ಪ್ರೋಬ್ ಒತ್ತಬಾರದು. ಕಿವಿಯ ಮುಂದೆ ಎರಡು, ದವಡೆಯ ಕೆಳಗೆ ಎರಡು. ನಾಲ್ಕನ್ನೂ ಉದ್ದಕ್ಕೂ ಅಡ್ಡಕ್ಕೂ ನೋಡಲೇಬೇಕು.

ಆರೋಗ್ಯವಾಗಿರುವ ಗ್ರಂಥಿ ನುಣ್ಣಗೆ ರುಬ್ಬಿದ ಹಿಟ್ಟಿನಂತೆ ಒಂದೇ ಸಮ ಕಾಣುತ್ತದೆ. ಕಾಯಿಲೆ ಬಲಿತಾಗ ಸೆಟ್ ದೋಸೆಯ ಮೈ ಇದ್ದ ಹಾಗೆ, ತುಂಬಾ ಕಪ್ಪು ತೂತು. ಇದಕ್ಕೆ ಸೊನ್ನೆಯಿಂದ 3ರವರೆಗೆ ಗ್ರೇಡ್ ಕೊಡುತ್ತೇವೆ. ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ 2, ಗ್ರಂಥಿಯಿಡೀ ಹರಡಿದ್ದರೆ 3.

ಎಲ್ಲ ಕಪ್ಪೂ ಕಾಯಿಲೆಯಲ್ಲ. ಕಲಿಯುವ ದಿನಗಳಲ್ಲಿ ಒಬ್ಬ ಹುಡುಗಿಯ ಕಿವಿಯ ಮುಂದಿನ ಗ್ರಂಥಿಯಲ್ಲಿ ಕಪ್ಪು ಕಂಡು, ಕಾಯಿಲೆ ಇರಬಹುದು ಅಂದುಬಿಟ್ಟೆ. ಮುಂದಿನ ವಾರ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಅದರೊಳಗೆ ರಕ್ತ ಹರಿಯುತ್ತಿತ್ತು. ದವಡೆಯ ಹಿಂದಿನ ರಕ್ತನಾಳ ಅದು! ಆ ಒಂದು ವಾರ ಅವಳು, ಅವಳ ಅಮ್ಮ ಸುಮ್ನೆ ಸಂಕಟಪಟ್ಟರು. ಅದು ಈಗಲೂ ನನಗೆ ನೋವು. ಅಂದಿನಿಂದ ಡಾಪ್ಲರ್ ಹಾಕದೆ ಗ್ರೇಡ್ ಬರೆಯುವುದಿಲ್ಲ.

ರಾಜಾಜಿನಗರದವರಿಗೆ ನಾಲ್ಕೂ ಗ್ರಂಥಿ ಗ್ರೇಡ್ 3. ಆದರೂ ಸ್ಕ್ಯಾನ್ ಒಂದನ್ನೇ ನಂಬಿ ಹೆಸರು ಹಚ್ಚಲಾಗದು. ಈ ಕಾಯಿಲೆಯನ್ನು ಗುರುತಿಸಲು ಬಳಸುವ 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕನಿಷ್ಠ 4 ಅಂಕ ಬೇಕು, ಸ್ಕ್ಯಾನ್‌ಗೆ ಅದರಲ್ಲಿ ಅಂಕವೇ ಇಲ್ಲ. ರಕ್ತದಲ್ಲಿ ಆ್ಯಂಟಿ-ರೋ (ಈ ಕಾಯಿಲೆಯಲ್ಲಿ ಕಾಣುವ ಒಂದು ಪ್ರತಿಕಾಯ) ಪಾಸಿಟಿವ್ ಬಂತು, 3 ಅಂಕ. ಕಣ್ಣಿನ ರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷದಲ್ಲಿ ಬರೀ 3 ಮಿಲಿಮೀಟರ್ ಒದ್ದೆಯಾಯಿತು, ಇನ್ನೊಂದು ಅಂಕ. ನಾಲ್ಕು ತುಂಬಿತು, ಹಾಗಾಗಿ ತುಟಿಯ ಒಳಗಿಂದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗಲಿಲ್ಲ.

ಸ್ಕ್ರೀನ್ ತಿರುಗಿಸಿ ತೋರಿಸಿದೆ. "ಹಾಗಾದ್ರೆ ಇದು ನನ್ನ ಭ್ರಮೆ ಅಲ್ಲ, ಅಲ್ವಾ ಮೇಡಂ?" ಅಂತ ಕಣ್ಣೊರೆಸಿಕೊಂಡರು, ಅಲ್ಲಿ ನೀರೇ ಇರಲಿಲ್ಲ.

ಈ ಕಾಯಿಲೆ ಇರುವವರಿಗೆ ಗ್ರಂಥಿಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹೊರಡುವ ಮುಂಚೆ ಅವರ ಬೆರಳನ್ನೇ ಹಿಡಿದು ಕಿವಿಯ ಮುಂದಿನ ಜಾಗ ಮುಟ್ಟಿಸಿದೆ. "ಇಲ್ಲಿ ಊದಿ ಇಳಿಯದೆ ಹಾಗೇ ಗಟ್ಟಿಯಾಗಿ ಉಳಿದರೆ, ಮುಂದಿನ ತಾರೀಖಿಗೆ ಕಾಯಬೇಡಿ ಅಮ್ಮ, ಅವತ್ತೇ ಬನ್ನಿ."